ನೀರಿಗೆ ಬೆಂಕಿ ಬಿದ್ದ ಊರಿನ ಹಾಡು

ಬೆಂಗಳೂರಿನಿಂದ ಯಲಹಂಕ ದಾಟಿ ದೊಡ್ಡಬಳ್ಳಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ, ಪಟ್ಟಣ ಇನ್ನೇನು ಬಂತು ಎನ್ನುವಾಗ ಬಾಶೆಟ್ಟಿಹಳ್ಳಿ ಎದುರಾಗುತ್ತದೆ. ಹೆಸರಿನಲ್ಲಿ ಹಳ್ಳಿ ಉಳಿದಿದೆ. ಕಣ್ಣಿಗೆ ಬೀಳುವುದು ಮಾತ್ರ ತಗಡಿನ ಛಾವಣಿಯ ಕಾರ್ಖಾನೆಗಳು, ಕಂಟೇನರ್ ಲಾರಿಗಳು, ಬಾಡಿಗೆ ಕೋಣೆಗಳ ಸಾಲು, ಪಾಳಿ ಮುಗಿಸಿ ಹೊರಬರುವ ಜನ. ರಾಗಿ ಬೆಳೆಯುತ್ತಿದ್ದ ಹೊಲಗಳು ಕೈಗಾರಿಕಾ ಪ್ರದೇಶದ ನಿವೇಶನಗಳಾಗಿ, ಗ್ರಾಮ ಪಂಚಾಯಿತಿ ಪಟ್ಟಣ ಪಂಚಾಯಿತಿಯಾಗಿ ಬಡ್ತಿ ಪಡೆದು, ಊರು ತನ್ನ ಹೆಸರಿಗೇ ಅಪರಿಚಿತವಾಗಿದೆ. ಇಲ್ಲಿ ಸ್ವಲ್ಪ ಹೊತ್ತು ನಿಂತರೆ ಕಿವಿಗೆ ಮೊದಲು ತಾಗುವುದು ಸದ್ದು. ಯಂತ್ರಗಳ ಒಂದೇ ಸಮನಾದ ಗುಂಯ್‌ಗುಡುವಿಕೆ, ಪಾಳಿ ಬದಲಾವಣೆಯ ಸೈರನ್, ಹಿಂದಕ್ಕೆ ಸರಿಯುವ ಲಾರಿಯ ಕಿರುಚು ಸಂಗೀತ. ಇನ್ನೊಂದಿಷ್ಟು ದೂರ ಹೋಗಿ ದೊಡ್ಡಬಳ್ಳಾಪುರದ ನೇಕಾರರ ಬೀದಿಗಳನ್ನು ಹೊಕ್ಕರೆ ವಿದ್ಯುತ್ ಮಗ್ಗಗಳ ಸದ್ದು. ಅಲ್ಲಿ ಮನೆ ಮತ್ತು ಮಗ್ಗದ ನಡುವೆ ಒಂದೇ ಗೋಡೆ. ಲಾಳಿಯ ಬಡಿತದ ನಡುವೆಯೇ ಮಗು ಮಲಗುತ್ತದೆ, ಮುದುಕರು ಮಾತನಾಡುತ್ತಾರೆ. ಕರೆಂಟು ಹೋಗಿ ಸದ್ದು ನಿಂತಾಗಲೇ ಎಲ್ಲರಿಗೂ ಎಚ್ಚರ.

ಕನ್ನಡದ ದೊಡ್ಡ ವಿಮರ್ಶಕರಲ್ಲಿ ಒಬ್ಬರಾದ ಡಿ.ಆರ್. ನಾಗರಾಜ್ (1954–1998) ಹುಟ್ಟಿದ್ದು ಇದೇ ದೊಡ್ಡಬಳ್ಳಾಪುರದ ನೇಕಾರ ಕುಟುಂಬವೊಂದರಲ್ಲಿ. ಕುಶಲಕರ್ಮಿ ಸಮುದಾಯಗಳ ಅರಿವು, ನೆನಪು ಮತ್ತು ಅವಮಾನಗಳನ್ನು ನಮ್ಮ ಸಾಂಸ್ಕೃತಿಕ ಚರ್ಚೆಯ ನಡುಮನೆಗೆ ತಂದವರು ಅವರು. ಅವರಂಥ ಚಿಂತಕರನ್ನು ಕೊಟ್ಟ ಈ ಸೀಮೆಯ ಸದ್ದು ಮಾತ್ರ ನಮ್ಮ ಹಾಡಿನೊಳಗೆ ಇನ್ನೂ ಬಂದಂತಿಲ್ಲ. ಕನ್ನಡದ ಹಾಡುಗಳಲ್ಲಿ ಹೊಳೆಯಿದೆ, ತೆನೆಯಿದೆ, ಮಳೆಯಿದೆ, ಸೋರುವ ಮಾಳಿಗೆಯೂ ಇದೆ. ಪಾಳಿಯ ಸೈರನ್ ಎಲ್ಲಿದೆ?

ಈ ಪ್ರಶ್ನೆಗೆ ಉತ್ತರ ಹುಡುಕುವಾಗ ದೂರದ ಇನ್ನೊಂದು ಊರಿನ ಕಥೆ ನೆನಪಾಗುತ್ತದೆ. ಅಮೆರಿಕದ ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ಉಕ್ಕಿನ ಊರು. ಈರಿ ಸರೋವರದ ದಂಡೆಯ ಈ ನಗರದ ಮಧ್ಯೆ ಹರಿಯುವ ಕಯಹೋಗ ನದಿಗೆ ಕಾರ್ಖಾನೆಗಳು ದಶಕಗಳ ಕಾಲ ಎಣ್ಣೆ, ರಾಸಾಯನಿಕ, ಕಸವನ್ನು ಸುರಿದವು. 1969ರ ಜೂನ್ 22ರಂದು ಆ ನದಿಗೆ ಬೆಂಕಿ ಬಿತ್ತು. ಹಾಗೆ ಉರಿದದ್ದು ಅದೇ ಮೊದಲಲ್ಲ. ಹತ್ತೊಂಬತ್ತನೆಯ ಶತಮಾನದಿಂದಲೂ ಅದು ಹಲವು ಸಲ ಹೊತ್ತಿಕೊಂಡಿತ್ತು. 1969ರ ಬೆಂಕಿ ಅರ್ಧ ಗಂಟೆಯಲ್ಲೇ ಆರಿತಾದರೂ ದೇಶದ ಮನಸ್ಸಿನಲ್ಲಿ ಆರಲಿಲ್ಲ. 1970ರಲ್ಲಿ ಅಮೆರಿಕ ತನ್ನ ಪರಿಸರ ಸಂರಕ್ಷಣಾ ಸಂಸ್ಥೆಯನ್ನು ಕಟ್ಟುವುದಕ್ಕೂ 1972ರಲ್ಲಿ ಜಲಮಾಲಿನ್ಯದ ವಿರುದ್ಧ ಬಿಗಿ ಕಾಯಿದೆ ತರುವುದಕ್ಕೂ ಈ ನದಿಯ ಬೆಂಕಿ ಒಂದು ನೆಪವಾಯಿತು. ಅಷ್ಟರಲ್ಲಿ ಊರು ಕರಗತೊಡಗಿತ್ತು. 1950ರಲ್ಲಿ ಒಂಬತ್ತು ಲಕ್ಷ ದಾಟಿದ್ದ ಜನಸಂಖ್ಯೆ 1980ರ ವೇಳೆಗೆ ಆರು ಲಕ್ಷಕ್ಕಿಂತ ಕೆಳಗಿಳಿಯಿತು. 1978ರ ಡಿಸೆಂಬರಿನಲ್ಲಿ ನಗರಾಡಳಿತ ತನ್ನ ಸಾಲ ತೀರಿಸಲಾಗದೆ ಕೈಚೆಲ್ಲಿತು.

ಆ ಊರಿನಲ್ಲಿ, 1975ರಲ್ಲಿ, ಇಪ್ಪತ್ತರ ಆಸುಪಾಸಿನ ಕೆಲವು ಹುಡುಗರು ಒಂದು ರಾಕ್ ತಂಡ ಕಟ್ಟಿದರು. ‘ರಾಕೆಟ್ ಫ್ರಮ್ ದಿ ಟೂಂಬ್ಸ್’ ಎಂಬ ಹಿಂದಿನ ತಂಡವೊಂದು ಒಡೆದು ಹೋದ ಮೇಲೆ ಡೇವಿಡ್ ಥಾಮಸ್ ಮತ್ತು ಪೀಟರ್ ಲಾಫ್ನರ್ ಸೇರಿ ಕಟ್ಟಿದ ಈ ಹೊಸ ತಂಡಕ್ಕೆ ಅವರು ಆಯ್ದ ಹೆಸರು ‘ಪೇರ್ ಊಬು’. ಪೇರ್ ಎಂದರೆ ಫ್ರೆಂಚಿನಲ್ಲಿ ಅಪ್ಪ. ಊಬು ಎಂಬುದು ಫ್ರೆಂಚಿನಲ್ಲಿ ಅರ್ಥವಿಲ್ಲದ ಶಬ್ದ. ಅದು ಒಂದು ನಾಟಕದ ಪಾತ್ರದ ಹೆಸರು.

ಆ ನಾಟಕದ ಹುಟ್ಟೇ ಒಂದು ಪೋಲಿ ಪ್ರಸಂಗ. ಫ್ರಾನ್ಸಿನ ರೆನ್ ಎಂಬ ಊರಿನ ಶಾಲೆಯಲ್ಲಿ ಹೆಬೆರ್ ಎಂಬ ಭೌತಶಾಸ್ತ್ರದ ಮೇಷ್ಟರಿದ್ದರು. ಹೊಟ್ಟೆ ದಪ್ಪ, ಅಧಿಕಾರ ದೊಡ್ಡದು, ತರಗತಿಯ ಮೇಲೆ ಹಿಡಿತವಿಲ್ಲ. ಹುಡುಗರು ಅವರನ್ನು ಅಣಕಿಸಲು ಬೊಂಬೆಯಾಟವೊಂದನ್ನು ಹೆಣೆದುಕೊಂಡರು. ಆ ಹುಡುಗರ ಗುಂಪಿಗೆ ಬಂದು ಸೇರಿದವನು ಆಲ್‌ಫ್ರೆಡ್ ಜಾರಿ (1873–1907). ಶಾಲೆ ಬಿಟ್ಟ ಮೇಲೂ ಅವನು ಆ ಅಣಕನ್ನು ಬಿಡಲಿಲ್ಲ. ಅದನ್ನೇ ಬೆಳೆಸಿ ‘ಊಬು ರಾಜ’ ಎಂಬ ನಾಟಕ ಮಾಡಿದ. ಪೋಲೆಂಡಿನ ದೊರೆಯ ಸೇನೆಯಲ್ಲಿದ್ದ ಊಬು ಹೆಂಡತಿಯ ಕುಮ್ಮಕ್ಕಿನಿಂದ ದೊರೆಯನ್ನು ಕೊಂದು ಸಿಂಹಾಸನ ಏರುತ್ತಾನೆ. ಶ್ರೀಮಂತರನ್ನೂ ನ್ಯಾಯಾಧೀಶರನ್ನೂ ಸಾಲಾಗಿ ನಿಲ್ಲಿಸಿ ನೆಲಮಾಳಿಗೆಯ ಕಂಡಿಗೆ ತಳ್ಳಿಸುತ್ತಾನೆ. ತೆರಿಗೆ ವಸೂಲಿಗೆ ತಾನೇ ಹೊರಡುತ್ತಾನೆ. ಯುದ್ಧಕ್ಕೆ ಹೋಗಿ ಸೋತು, ಹಡಗು ಹತ್ತಿ ಪಾರಾಗುತ್ತಾನೆ. ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ಗೆ ಕೋಡಂಗಿಯ ವೇಷ ಹಾಕಿದರೆ ಹೇಗಿರುತ್ತದೋ ಹಾಗಿದೆ ಈ ಕಥೆ. ಒಂದೇ ವ್ಯತ್ಯಾಸವೆಂದರೆ ಮ್ಯಾಕ್‌ಬೆತ್‌ನಿಗೆ ಪಾಪಪ್ರಜ್ಞೆ ಇತ್ತು. ಊಬುವಿಗೆ ಇರುವುದು ಹೊಟ್ಟೆ ಮಾತ್ರ.

1896ರ ಡಿಸೆಂಬರ್ 10ರಂದು ಪ್ಯಾರಿಸ್ಸಿನಲ್ಲಿ ಅದರ ಮೊದಲ ಪ್ರಯೋಗ. ತೆರೆ ಸರಿದು ಊಬು ಆಡಿದ ಮೊದಲ ಶಬ್ದವೇ ಬೈಗುಳ. ಮಲ ಎಂಬ ಅರ್ಥದ ಫ್ರೆಂಚ್ ಪದಕ್ಕೆ ಒಂದಕ್ಷರ ಹೆಚ್ಚು ಸೇರಿಸಿ ಜಾರಿ ಅದನ್ನು ಕಟ್ಟಿದ್ದ. ಸಭಾಂಗಣದಲ್ಲಿ ಗದ್ದಲವೆದ್ದು, ಕೂಗಾಟ ತಣಿಯಲು ಬಹಳ ಹೊತ್ತು ಹಿಡಿಯಿತು. ಅಂದು ಪ್ರೇಕ್ಷಕರ ನಡುವೆ ಐರಿಷ್ ಕವಿ ಯೇಟ್ಸ್ ಕೂಡ ಇದ್ದರು. ನಾಟಕದ ಪರವಾಗಿಯೇ ಕೂಗಿದ ಅವರು ಕೋಣೆಗೆ ಮರಳಿದ ಮೇಲೆ, ಇನ್ನು ಮುಂದೆ ಕಲೆಯ ದಾರಿ ಯಾವ ಒರಟುತನಕ್ಕೆ ಇಳಿಯಬಹುದೆಂದು ಖಿನ್ನರಾದುದನ್ನು ತಮ್ಮ ಆತ್ಮಕಥನದಲ್ಲಿ ಬರೆದುಕೊಂಡಿದ್ದಾರೆ. ಇಪ್ಪತ್ತನೆಯ ಶತಮಾನ ಅವರ ಆತಂಕವನ್ನು ನಿಜಗೊಳಿಸಿತು. ಕಲೆ ಕೆಡುವ ಮೊದಲೇ ರಾಜಕಾರಣ ಕೆಟ್ಟು, ಊಬುವಿನಂಥ ದೊರೆಗಳು ನಿಜವಾಗಿಯೇ ಸಿಂಹಾಸನಗಳನ್ನೇರಿದರು. ಮಾರ್ಟಿನ್ ಎಸ್ಲಿನ್ 1961ರಲ್ಲಿ ತಮ್ಮ ಪ್ರಸಿದ್ಧ ಗ್ರಂಥದ ಮೂಲಕ ‘ಅಸಂಗತ ರಂಗಭೂಮಿ’ ಎಂಬ ಹೆಸರನ್ನು ನೆಲೆಗೊಳಿಸಿದಾಗ ಬೆಕೆಟ್, ಅಯನೆಸ್ಕೊ ಮುಂತಾದವರ ಪೂರ್ವಿಕರ ಸಾಲಿನಲ್ಲಿ ಜಾರಿಗೆ ಒಂದು ಸ್ಥಾನ ಕೊಟ್ಟರು.

ಉಕ್ಕಿನ ಊರಿನ ಹುಡುಗರಿಗೆ ಈ ಬೊಂಬೆರಾಜನಿಂದ ದೊರೆತದ್ದು ಏನು? ಹೆಸರಿನ ವಿಚಿತ್ರ ನಾದವೊಂದೇ ಆಗಿದ್ದರೆ ಇಂದು ನೆನೆಯಬೇಕಾಗಿರಲಿಲ್ಲ. ಜಾರಿಯ ರಂಗಕ್ರಮದಲ್ಲಿ ಒಂದು ಉಪಾಯವಿತ್ತು. ಅವನಿಗೆ ಪರದೆಯ ಮೇಲೆ ಬರೆದ ಅರಮನೆ, ಕಾಡುಗಳು ಬೇಕಿರಲಿಲ್ಲ. ದೃಶ್ಯ ಎಲ್ಲಿ ನಡೆಯುತ್ತಿದೆ ಎಂದು ಬರೆದ ಫಲಕವೊಂದನ್ನು ತೂಗುಹಾಕಿದರೆ ಸಾಕು. ಕುದುರೆ ಬೇಕಾದರೆ ನಟನ ಕೊರಳಿಗೆ ರಟ್ಟಿನ ಕುದುರೆಮುಖ. ಸೈನ್ಯಕ್ಕೆ ಒಬ್ಬನೇ ಸೈನಿಕ. ಉಳಿದದ್ದನ್ನು ಪ್ರೇಕ್ಷಕ ಕಟ್ಟಿಕೊಳ್ಳಬೇಕು. ನಮ್ಮ ಬಯಲಾಟ ನೋಡಿದವರಿಗೆ ಇದರಲ್ಲಿ ಹೊಸದೇನೂ ಕಾಣದು. ಭಾಗವತ ಎರಡು ಸಾಲು ಹಾಡಿದರೆ ರಂಗ ಅರಮನೆಯಾಗುತ್ತದೆ, ಇನ್ನೆರಡು ಸಾಲಿಗೆ ಕಾಡಾಗುತ್ತದೆ. ಪ್ಯಾರಿಸ್ಸಿನ ಪ್ರೇಕ್ಷಕರನ್ನು ರೇಗಿಸಿದ ತಂತ್ರ ನಮ್ಮ ಹಳ್ಳಿಗಳಲ್ಲಿ ರಾತ್ರಿಯಿಡೀ ನಿರಾತಂಕವಾಗಿ ನಡೆಯುತ್ತಿತ್ತು.

ಡೇವಿಡ್ ಥಾಮಸ್ ಮತ್ತು ಸಂಗಡಿಗರು ಆ ಫಲಕದ ಕೆಲಸವನ್ನು ಸದ್ದಿಗೆ ಒಪ್ಪಿಸಿದರು. ತಂಡದಲ್ಲಿ ಆ್ಯಲನ್ ರೇವನ್‌ಸ್ಟೈನ್ ಎಂಬುವರು ಸಿಂಥಸೈಜರ್ ನುಡಿಸುತ್ತಿದ್ದರು. ಅವರು ಅದರಲ್ಲಿ ರಾಗ ನುಡಿಸಲಿಲ್ಲ. ಉಗಿ ಸೋರುವಂತೆ, ರೇಡಿಯೊ ಕೆಟ್ಟಂತೆ, ದೂರದಲ್ಲಿ ಯಂತ್ರವೊಂದು ಕಿರುಗುಟ್ಟಿದಂತೆ ಕೇಳಿಸುವ ಧ್ವನಿಗಳನ್ನು ಹೊರಡಿಸಿದರು. ಹಾಡಿನ ನಡುವೆ ಆ ಸದ್ದು ಬಂದರೆ ಕೇಳುವವನ ಮನಸ್ಸಿನಲ್ಲಿ ಒಂದು ಜಾಗ ತಾನಾಗಿ ಮೂಡುತ್ತಿತ್ತು. 1978ರಲ್ಲಿ ಹೊರಬಂದ ಅವರ ಮೊದಲ ಪೂರ್ಣ ಆಲ್ಬಂ ‘ದಿ ಮಾಡರ್ನ್ ಡಾನ್ಸ್’ ಶುರುವಾಗುವುದೇ ಕಿವಿಗೆ ಸೂಜಿ ಚುಚ್ಚುವಂಥ ಸ್ವರವೊಂದರಿಂದ. ಕೇಳುಗ ಇದು ಧ್ವನಿಮುದ್ರಣದ ದೋಷವಿರಬೇಕೆಂದು ಅನುಮಾನಿಸುವಷ್ಟರಲ್ಲಿ ಗಿಟಾರು, ಡ್ರಮ್ಮುಗಳು ನುಗ್ಗಿ ಬಂದು ಅಪ್ಪಟ ರಾಕ್ ಗೀತೆ ಆರಂಭವಾಗುತ್ತದೆ. ಅದೇ ಆಲ್ಬಂನ ಇನ್ನೊಂದು ಹಾಡಿನಲ್ಲಿ ಗಾಜು ಒಡೆಯುವ ಸದ್ದುಗಳಿವೆ. ಇವೆಲ್ಲದರ ಮೇಲೆ ಥಾಮಸರ ಕಂಠ. ಆ ಭಾರಿ ದೇಹದಿಂದ ಹೊರಡುತ್ತಿದ್ದುದು ತೆಳ್ಳಗಿನ, ನಡುಗುವ, ಬಿಕ್ಕುವ, ಒಮ್ಮೊಮ್ಮೆ ಹುಡುಗನಂತೆ ಕೀರಲುವ ಸ್ವರ. ಅದನ್ನು ಹಾಡುಗಾರಿಕೆ ಎನ್ನುವುದಕ್ಕಿಂತ ಪಾತ್ರವೊಂದರ ಸ್ವಗತ ಎನ್ನುವುದು ಮೇಲು.

ಮೊದಲ ಕೆಲವು ಹಾಡುಗಳನ್ನು ಅವರು ತಮ್ಮದೇ ಪುಟ್ಟ ಸಂಸ್ಥೆಯಿಂದ ಏಕಗೀತೆಯ ತಟ್ಟೆಗಳಾಗಿ ಹೊರತಂದರು. ದೊಡ್ಡ ಕಂಪನಿಗಳಿಗಾಗಿ ಕಾಯುತ್ತ ಕೂರಲಿಲ್ಲ. ಲಾಫ್ನರ್ ಬೇಗನೆ ತಂಡ ಬಿಟ್ಟು, 1977ರಲ್ಲಿ, ಇಪ್ಪತ್ನಾಲ್ಕರ ವಯಸ್ಸಿಗೇ ತೀರಿಕೊಂಡರು. ಉಳಿದವರು 1978ರಲ್ಲೇ ‘ಡಬ್ ಹೌಸಿಂಗ್’ ಎಂಬ ಎರಡನೆಯ ಆಲ್ಬಂ ತಂದರು. ಹಣ ಬರಲಿಲ್ಲ; 1982ರಲ್ಲಿ ತಂಡ ಚದುರಿತು. ಕೆಲವೇ ವರ್ಷಗಳಲ್ಲಿ ಮತ್ತೆ ಕೂಡಿತು. ತಮ್ಮ ಸಂಗೀತಕ್ಕೆ ಏನೆನ್ನಬೇಕೆಂದು ಪತ್ರಕರ್ತರು ಪೀಡಿಸಿದಾಗ ಅವರು ‘ಅವಾಂಗಾರ್ಡ್’ ಎಂಬ ಗಂಭೀರ ಶಬ್ದವನ್ನು ತಿರುಚಿ ‘ಅವಾಂಗರಾಜ್’ ಎಂದರು. ಮುಂಚೂಣಿಯ ಕಲೆಯೂ ಹೌದು, ಕಾರು ನಿಲ್ಲಿಸುವ ಶೆಡ್ಡಿನಲ್ಲಿ ಅಭ್ಯಾಸ ಮಾಡಿದ್ದೂ ಹೌದು. ಕೋಟ್ಯಂತರ ಪ್ರತಿಗಳು ಮಾರಾಟವಾಗದಿದ್ದರೂ ಅವರ ನಂತರದ ಎಷ್ಟೋ ರಾಕ್ ತಂಡಗಳು ಈ ದಾರಿಯನ್ನು ತುಳಿದವು.

ಊಬು ಆ ಹುಡುಗರಿಗೆ ತಮ್ಮ ಊರನ್ನೇ ನೋಡುವ ಧೈರ್ಯ ಕೊಟ್ಟ ಎಂಬುದು ಇಲ್ಲಿ ಮುಖ್ಯ. ಕ್ಲೀವ್‌ಲ್ಯಾಂಡಿನ ಯುವಕರಿಗೆ ಆಗ ಎರಡು ಸುಲಭ ದಾರಿಗಳಿದ್ದವು. ನ್ಯೂಯಾರ್ಕಿಗೆ ಹೋಗಿ ಅಲ್ಲಿನವರಂತೆ ಹಾಡುವುದು ಒಂದು. ಊರಲ್ಲೇ ಉಳಿದು ಹಳೆಯ ಚಂದದ ಕಾಲವನ್ನು ಹಾಡಿ ಅಳುವುದು ಇನ್ನೊಂದು. ಇವರು ಮೂರನೆಯದನ್ನು ಹಿಡಿದರು. ಉರಿದ ನದಿ, ಕುಲುಮೆಯ ಬೆಳಕು, ಖಾಲಿ ಬೀದಿಗಳನ್ನು ಇದ್ದಂತೆಯೇ ರಂಗಸಜ್ಜಿಕೆಯಾಗಿ ಬಳಸಿಕೊಂಡರು. ನೀರಿಗೆ ಬೆಂಕಿ ಬೀಳುವ ಊರಿನಲ್ಲಿ ಅಸಂಗತವನ್ನು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ. ಪುಸ್ತಕ ಕೊಟ್ಟದ್ದು ಅದಕ್ಕೆ ಒಂದು ಹೆಸರನ್ನು.

ಅಸಂಗತ ನಾಟಕ ಎಂದರೆ ಓದಿದವರ ಒಗಟು ಎಂಬ ತಪ್ಪು ಗ್ರಹಿಕೆ ನಮ್ಮಲ್ಲಿ ಬಲವಾಗಿದೆ. 1957ರಲ್ಲಿ ಅಮೆರಿಕದ ಸ್ಯಾನ್ ಕ್ವೆಂಟಿನ್ ಸೆರೆಮನೆಯಲ್ಲಿ ಸುಮಾರು 1,400 ಕೈದಿಗಳ ಎದುರು ಬೆಕೆಟನ ‘ಗೋಡೋಗಾಗಿ ಕಾಯುತ್ತ’ ನಾಟಕ ನಡೆಯಿತು. ಪಂಡಿತ ಪ್ರೇಕ್ಷಕರು ತಲೆ ಕೆರೆದುಕೊಂಡ ನಾಟಕ ಅದು. ಕೈದಿಗಳು ಉಸಿರು ಬಿಗಿಹಿಡಿದು ನೋಡಿದರು. ಬಾರದವನಿಗಾಗಿ ಕಾಯುವುದು ಏನೆಂದು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಎಸ್ಲಿನ್ ತಮ್ಮ ಗ್ರಂಥವನ್ನು ಈ ಪ್ರಸಂಗದಿಂದಲೇ ಆರಂಭಿಸಿದ್ದಾರೆ.

ಕನ್ನಡಕ್ಕೂ ಅಸಂಗತ ನಾಟಕ ಬಂದಿತ್ತು. ಅರವತ್ತು, ಎಪ್ಪತ್ತರ ದಶಕಗಳಲ್ಲಿ ಕಲಬುರಗಿಯ ಚಂದ್ರಕಾಂತ ಕುಸನೂರ, ಧಾರವಾಡದ ಚಂದ್ರಶೇಖರ ಪಾಟೀಲ, ಮೈಸೂರಿನ ನ. ರತ್ನ ಮೊದಲಾದವರು ಈ ಮಾದರಿಯ ನಾಟಕಗಳನ್ನು ಬರೆದರು. ಲಂಕೇಶರ ಆರಂಭದ ನಾಟಕಗಳಲ್ಲೂ ಅದರ ಛಾಯೆ ಇದೆ. ಇವು ಪಶ್ಚಿಮದ ಅನುಕರಣೆ, ಯುದ್ಧ ಕಂಡ ಯುರೋಪಿನ ಹತಾಶೆಯನ್ನು ಯುದ್ಧ ಕಾಣದ ನಾವು ಸಾಲ ತಂದದ್ದು ಎಂಬ ಟೀಕೆ ಬೇಗನೆ ಹುಟ್ಟಿತು. ಟೀಕೆಯಲ್ಲಿ ಸತ್ಯಾಂಶ ಇಲ್ಲದಿಲ್ಲ. ಆದರೆ ಆ ನಾಟಕಗಳ ಹೆಸರುಗಳನ್ನು ಗಮನಿಸಿದರೆ ಬೇರೊಂದು ಸಂಗತಿ ಹೊಳೆಯುತ್ತದೆ. ಕುಸನೂರರದು ‘ಆನಿ ಬಂತೊಂದಾನಿ’, ‘ರತ್ತೋ ರತ್ತೋ ರಾಯನ ಮಗಳೆ’. ಚಂಪಾ ಅವರದು ‘ಕುಂಟಾ ಕುಂಟಾ ಕುರುವತ್ತಿ’. ಎಲ್ಲವೂ ಮಕ್ಕಳ ಆಟದ ಪದಗಳಿಂದ ಬಂದವು. ಜಾರಿ ಶಾಲಾ ಹುಡುಗರ ಅಣಕಿನಿಂದ ತೊಡಗಿದಂತೆ, ನಮ್ಮವರೂ ಅರ್ಥವಿಲ್ಲದ ಶಬ್ದಗಳ ನಿಧಿಯನ್ನು ಮಕ್ಕಳ ಬಾಯಲ್ಲೇ ಕಂಡುಕೊಂಡರು. ಸಾಲ ತಂದವರು ಹೀಗೆ ತಮ್ಮ ಮನೆಯ ಅಟ್ಟವನ್ನು ತಡಕಾಡುವುದಿಲ್ಲ.

ಅಷ್ಟಕ್ಕೂ ಅಸಂಗತ ನಮಗೆ ಹೊರಗಿನದೆ? ಅಲ್ಲಮನ ಬೆಡಗಿನ ವಚನಗಳಿವೆ. ಬಯಲಾಟದ ಕೋಡಂಗಿ ಮತ್ತು ಹನುಮನಾಯಕರು ರಾಜನ ಎದುರಿಗೇ ರಾಜನ ಮಾತನ್ನು ತಲೆಕೆಳಗು ಮಾಡಿ ನಗಿಸುತ್ತ ಬಂದವರು. ಶಿಶುನಾಳ ಷರೀಫರ (1819–1889) ಹಾಡಿನಲ್ಲಿ ಕೋಳಿ ಕೋಡಗವನ್ನು ನುಂಗುತ್ತದೆ. ಸಿ. ಅಶ್ವತ್ಥ್ ಅವರ ಕಂಠದಲ್ಲಿ ನಾಡಿಗೆಲ್ಲ ಹಬ್ಬಿದ ಆ ಹಾಡನ್ನು ಅರ್ಥ ತಿಳಿಯದ ಮಕ್ಕಳೂ ಕುಣಿದು ಹಾಡುತ್ತಾರೆ. ಅರ್ಥ ಬಲ್ಲವರೂ ಅರ್ಥಕ್ಕಾಗಿ ಹಾಡುವುದಿಲ್ಲ. ಲೋಕದ ಕ್ರಮ ಬುಡಮೇಲಾಗಿದೆ ಎಂಬುದನ್ನು ಉಪದೇಶದಲ್ಲಿ ಹೇಳಲಾಗದು, ಹೀಗೆ ಹಾಡಬೇಕಾಗುತ್ತದೆ.

ಕನ್ನಡದ ರಾಕ್ ಸಂಗೀತಗಾರರು ಇದನ್ನು ಬಲ್ಲರು. ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಂನಲ್ಲಿ ಷರೀಫರ ತತ್ವಪದಗಳನ್ನು ಗಿಟಾರಿನ ಜೊತೆ ಹಾಡಿ ಹೊಸ ತಲೆಮಾರಿಗೆ ದಾಟಿಸಿದರು. ವಾಸು ದೀಕ್ಷಿತ್ ನೇತೃತ್ವದ ‘ಸ್ವರಾತ್ಮ’ ತಂಡದ ರಂಗಪ್ರಯೋಗಗಳಲ್ಲಿ ಗಾಯಕನ ಸೊಂಟಕ್ಕೆ ಕೀಲುಕುದುರೆ ಕಟ್ಟಿರುತ್ತಿತ್ತು. ಜಾರಿಯ ರಟ್ಟಿನ ಕುದುರೆಮುಖಕ್ಕೂ ನಮ್ಮ ಜಾತ್ರೆಯ ಕೀಲುಕುದುರೆಗೂ ಗೊತ್ತಿಲ್ಲದೆಯೇ ನೆಂಟಸ್ತನ ಕುದುರಿತು. ಅವರ 2012ರ ‘ಟೋಪಿವಾಲೆ’ ಆಲ್ಬಂನ ಶೀರ್ಷಿಕೆಗೀತೆ ರಾಜಕಾರಣಿಗಳನ್ನು ಲೇವಡಿ ಮಾಡುವಂಥದ್ದು. ಟೋಪಿ ಹಾಕುವುದು ಎಂದರೆ ಏನೆಂದು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಊಬುವಿನ ದೂರದ ಸಂಬಂಧಿಗಳು ಅಲ್ಲಿ ಕಾಣಿಸುತ್ತಾರೆ.

ಈ ಸಾಧನೆ ಸಣ್ಣದಲ್ಲ. ಆದರೂ ಕನ್ನಡ ರಾಕ್ ಹೆಚ್ಚಾಗಿ ನಂಬಿರುವುದು ಜನಪದದ ಮತ್ತು ತತ್ವಪದದ ನೆನಪನ್ನು. ನಗರದ ಯುವಕ ಗಿಟಾರು ಹಿಡಿದಾಗ ಅವನ ಮನಸ್ಸು ಹಳ್ಳಿಯ ಕಡೆಗೆ ಓಡುತ್ತದೆ. ಅವನು ಓಡಿ ತಲಪುವ ಹಳ್ಳಿ ಯಾವುದು? ಬೆಂಗಳೂರಿನ ಸುತ್ತಲಿನ ಹಳ್ಳಿಗಳೆಲ್ಲ ಬಾಶೆಟ್ಟಿಹಳ್ಳಿಗಳಾಗುತ್ತಿವೆ. ಅಲ್ಲಿ ಸುಗ್ಗಿಯ ಹಾಡಿಗೆ ಕಣವಿಲ್ಲ. ಊರಹಬ್ಬದಲ್ಲಿ ಹಾರ್ಮೋನಿಯಂ ಮೇಷ್ಟರು ಕಲಿಸಿದ ಕುರುಕ್ಷೇತ್ರ ನಾಟಕ ನಡೆದರೂ, ದುರ್ಯೋಧನನ ಪಾತ್ರಧಾರಿ ಬೆಳಗಿನ ಪಾಳಿಗೆ ಓಡಬೇಕು. ಗೌರಿಬಿದನೂರು, ಹಿಂದೂಪುರದ ಕಡೆಯಿಂದ ಬರುವ ರೈಲಿನಲ್ಲಿ ನಿಂತೇ ಬರುವವರು, ಸಿದ್ಧ ಉಡುಪು ಕಾರ್ಖಾನೆಯ ಹೊಲಿಗೆ ಯಂತ್ರದ ಮುಂದೆ ತಾನೆಂದೂ ತೊಡದ ಅಂಗಿಯ ಒಂದು ತೋಳನ್ನಷ್ಟೇ ದಿನವಿಡೀ ಹೊಲಿಯುವ ಹೆಣ್ಣುಮಗಳು, ತನ್ನ ಹೊಲವಿದ್ದ ಜಾಗದಲ್ಲೇ ಎದ್ದ ಕಾರ್ಖಾನೆಯ ಗೇಟಿನಲ್ಲಿ ಕಾವಲು ಕೂತ ರೈತ. ಇವರಿಗಿಂತ ದೊಡ್ಡ ಅಸಂಗತ ನಾಟಕದ ಪಾತ್ರಗಳನ್ನು ಯಾವ ಬೆಕೆಟ್ ಬರೆದಾನು?

ನೀರಿಗೆ ಬೆಂಕಿ ಬೀಳುವುದೂ ಈಗ ಕ್ಲೀವ್‌ಲ್ಯಾಂಡಿನ ಸ್ವತ್ತಾಗಿ ಉಳಿದಿಲ್ಲ. ಬೆಂಗಳೂರಿನ ಇನ್ನೊಂದು ತುದಿಯ ಬೆಳ್ಳಂದೂರು ಕೆರೆ 2015ರ ಮೇ ತಿಂಗಳಲ್ಲಿ, ಮತ್ತೆ 2017ರ ಫೆಬ್ರುವರಿಯಲ್ಲಿ, 2018ರ ಜನವರಿಯಲ್ಲಿ ಹೊತ್ತಿ ಉರಿಯಿತು. ಕೆರೆಯ ಬೆಂಕಿ ಆರಿಸಲು ನೀರು ಹೊತ್ತ ಅಗ್ನಿಶಾಮಕ ವಾಹನಗಳು ಬಂದವು; 2018ರಲ್ಲಿ ಸೈನಿಕರೂ ಕೈಜೋಡಿಸಬೇಕಾಯಿತು. ಷರೀಫರು ಇದ್ದಿದ್ದರೆ ಪದ ಕಟ್ಟುತ್ತಿದ್ದರು. ಇತ್ತ ಬಾಶೆಟ್ಟಿಹಳ್ಳಿಯ ಆಸುಪಾಸಿನಲ್ಲಿ, ಕೈಗಾರಿಕೆಗಳ ಮತ್ತು ಪಟ್ಟಣದ ಕೊಳೆನೀರಿನಿಂದ ಚಿಕ್ಕತುಮಕೂರು, ದೊಡ್ಡತುಮಕೂರು ಕೆರೆಗಳು ಕೆಟ್ಟಿವೆಯೆಂದು ಆ ಭಾಗದ ಗ್ರಾಮಸ್ಥರು ವರ್ಷಗಳಿಂದ ದೂರು ಹೇಳುತ್ತ, ಹೋರಾಡುತ್ತ ಬಂದಿದ್ದಾರೆ. ಈ ಕೆರೆಗಳು ಅರ್ಕಾವತಿಯ ಕಣಿವೆಯವು. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಇದೇ ಅರ್ಕಾವತಿಯ ನೀರನ್ನು 1894ರಲ್ಲಿ ಹೆಸರಘಟ್ಟದಿಂದ ಬೆಂಗಳೂರಿಗೆ ಹರಿಸಲಾಗಿತ್ತು. ಊರಿಗೆ ಮೊದಲು ಕೊಳಾಯಿ ನೀರು ಕೊಟ್ಟ ನದಿಯ ಗತಿ ಇದು. ನಗರ ಈಗ ದೂರದ ಕಾವೇರಿಯನ್ನು ಕುಡಿಯುತ್ತಿದೆ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪ ಏಳುತ್ತದೆ. ಎಂಟು ಗಂಟೆ ಯಂತ್ರದ ಸದ್ದಿನಲ್ಲಿ ಬೆಂದು ಬಂದವರಿಗೆ ಮತ್ತೆ ಯಂತ್ರದ ಸದ್ದನ್ನೇ ಹಾಡೆಂದು ಉಣಬಡಿಸುವುದು ಕ್ರೌರ್ಯವಲ್ಲವೆ? ಮಗ್ಗದ ಬಡಿತದಿಂದ ಕಿವಿ ಮಂದವಾದ ನೇಕಾರನಿಗೆ ಬೇಕಾದದ್ದು ಇಂಪಾದ ಭಾವಗೀತೆಯೋ, ಹಳೆಯ ಚಿತ್ರಗೀತೆಯೋ ಇರಬಹುದು. ಸದ್ದನ್ನು ಕಲೆಯೆಂದು ಸವಿಯುವ ಬಿಡುವು ಸದ್ದಿನಿಂದ ದೂರ ಇರುವವರಿಗೆ ಮಾತ್ರ ಲಭ್ಯ. ಕ್ಲೀವ್‌ಲ್ಯಾಂಡಿನ ಆ ಹುಡುಗರೂ ಕುಲುಮೆಯ ಮುಂದೆ ಬೆವರು ಸುರಿಸಿದವರಾಗಿರಲಿಲ್ಲ; ಕಾರಿನಲ್ಲಿ ಕೂತು ಅದರ ಬೆಳಕನ್ನು ನೋಡಿದವರು. ಅವರ ಹಾಡುಗಳನ್ನು ಆ ಊರಿನ ಉಕ್ಕಿನ ಕಾರ್ಮಿಕರು ಗುನುಗಿದರೆಂದು ಹೇಳಲಾಗದು. ಕನ್ನಡದ ಅಸಂಗತ ನಾಟಕಗಳು ಸೋತದ್ದೂ ಬಹುಶಃ ಇಲ್ಲಿಯೇ. ಮಕ್ಕಳ ಪದವನ್ನು ಹಿಡಿದ ಅವು ಕಾಲೇಜು ರಂಗಮಂದಿರದಿಂದ ಆಚೆಗೆ ಹೆಚ್ಚು ದೂರ ಹೋಗಲಿಲ್ಲ.

ಆಕ್ಷೇಪವನ್ನು ಒಪ್ಪಿಕೊಂಡ ಮೇಲೂ ಒಂದು ಮಾತು ಉಳಿಯುತ್ತದೆ. ಇಂಪಾದ ಹಾಡು ದಣಿವನ್ನು ಮರೆಸಬಲ್ಲದು. ಆದರೆ ತನ್ನ ಬದುಕು ಹಾಡಿನೊಳಗೆ ಬರುವಷ್ಟು ದೊಡ್ಡದು ಎಂಬ ಗೌರವವನ್ನು ಅದೊಂದೇ ಕೊಡಲಾರದು. ಸೋರುವ ಮಾಳಿಗೆಯನ್ನು ಷರೀಫರು ಹಾಡಿದ್ದರಿಂದ ಸೋರುವ ಮಾಳಿಗೆಯ ಕೆಳಗಿದ್ದವರಿಗೆ ಒಂದು ಘನತೆ ಬಂತು. ಪಾಳಿಯ ಸೈರನ್ನಿಗೂ ಕೆಟ್ಟ ಕೆರೆಯ ದಂಡೆಗೂ ಆ ಭಾಗ್ಯ ಬರಬಾರದೇಕೆ? ಅದನ್ನು ಕಟ್ಟಬೇಕಾದವರು ಬೆಂಗಳೂರಿನಿಂದ ಮೈಕು ಹಿಡಿದು ಬರುವ ಪ್ರಯೋಗಶೀಲರೇ ಆಗಬೇಕಿಲ್ಲ. ಮಗ್ಗದ ಮನೆಯಲ್ಲಿ ಹುಟ್ಟಿ ಬೆಳೆದ ಹುಡುಗನ ಕೈಯಲ್ಲಿ ಈಗ ಮೊಬೈಲು ಇದೆ. ಅದರಲ್ಲೇ ಧ್ವನಿಮುದ್ರಣ ಸಾಧ್ಯವಿದೆ. 1975ರಲ್ಲಿ ಒಂದು ತಟ್ಟೆ ಹೊರತರಲು ಕ್ಲೀವ್‌ಲ್ಯಾಂಡಿನ ಹುಡುಗರು ಪಟ್ಟ ಪಾಡನ್ನು ಇಂದು ಪಡಬೇಕಾಗಿಲ್ಲ. ಬೇಕಾದದ್ದು ಈ ಸದ್ದೂ ಹಾಡಾಗಬಲ್ಲದು ಎಂಬ ಒಂದು ಸಣ್ಣ ಅನುಮತಿ.

ಅಂಥ ಅನುಮತಿಯನ್ನು ಕೊಡಬಲ್ಲ ಪರಂಪರೆಯೂ ನಮ್ಮಲ್ಲಿದೆ. ಬಿ.ವಿ. ಕಾರಂತರು ಗುಬ್ಬಿ ಕಂಪನಿಯ ನಾಟಕ ಸಂಗೀತದಲ್ಲಿ ಪಳಗಿ ಬಂದವರು. ಅವರಿಗೆ ಕಲ್ಲು, ಕಟ್ಟಿಗೆ, ತಗಡು ಎಲ್ಲವೂ ವಾದ್ಯಗಳಾಗಿದ್ದವು. ನಟನ ಉಸಿರೂ ಒಂದು ಸ್ವರವಾಗಿತ್ತು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣವನ್ನು ಕಟ್ಟಿದ ಅವರು 2002ರಲ್ಲಿ ತೀರಿಕೊಂಡರು. ಸದ್ದಿನಿಂದ ರಂಗಭೂಮಿಯನ್ನೂ ರಂಗಭೂಮಿಯಿಂದ ಸದ್ದನ್ನೂ ಬೆಳೆಸುವ ಅವರ ವಿದ್ಯೆಯನ್ನು ನಾಟಕದವರು ಅಷ್ಟಿಷ್ಟು ಉಳಿಸಿಕೊಂಡಿದ್ದಾರೆ. ಗಿಟಾರು ಹಿಡಿದವರು ಆ ಕಡೆ ಇನ್ನಷ್ಟು ತಿರುಗಿ ನೋಡಬೇಕಾಗಿದೆ. ನಮ್ಮ ಹವ್ಯಾಸಿ ರಂಗತಂಡಗಳೂ ರಾಕ್ ತಂಡಗಳೂ ಒಂದೇ ನಗರದಲ್ಲಿದ್ದು ಪರಸ್ಪರ ಅಪರಿಚಿತರಂತೆ ಇರುವುದಕ್ಕೆ ಒಳ್ಳೆಯ ಕಾರಣವೇನೂ ಇಲ್ಲ.

ಡೇವಿಡ್ ಥಾಮಸ್ ಈ ಎರಡು ಲೋಕಗಳನ್ನು ಕೊನೆಗೊಮ್ಮೆ ನೇರವಾಗಿ ಕೂಡಿಸಿದರು. 2008ರ ಏಪ್ರಿಲ್‌ನಲ್ಲಿ ಲಂಡನ್ನಿನ ಕ್ವೀನ್ ಎಲಿಜಬೆತ್ ಹಾಲ್‌ನಲ್ಲಿ ಅವರ ತಂಡ ಜಾರಿಯ ನಾಟಕದ ರೂಪಾಂತರವನ್ನು ಆಡಿತು. ಊಬುವಿನ ಪಾತ್ರ ಸ್ವತಃ ಥಾಮಸರದು. ಅದರ ಹಾಡುಗಳು 2009ರಲ್ಲಿ ‘ಲಾಂಗ್ ಲಿವ್ ಪೇರ್ ಊಬು!’ ಎಂಬ ಆಲ್ಬಂ ಆಗಿ ಬಂದವು. ಇಪ್ಪತ್ತೆರಡರ ವಯಸ್ಸಿನಲ್ಲಿ ಸಾಲ ಪಡೆದ ಹೆಸರನ್ನು ಐವತ್ತು ದಾಟಿದ ಮೇಲೆ ಬಡ್ಡಿ ಸಮೇತ ಹಿಂದಿರುಗಿಸಿದಂತೆ. 2025ರ ಏಪ್ರಿಲ್ 23ರಂದು, 71ನೆಯ ವಯಸ್ಸಿನಲ್ಲಿ, ಅವರು ಇಂಗ್ಲೆಂಡಿನಲ್ಲಿ ತೀರಿಕೊಂಡರು. ಪೆನ್ಸಿಲ್ವೇನಿಯಾದಲ್ಲಿದ್ದ ತಮ್ಮ ತೋಟದ ಮನೆಗೆ ತನ್ನನ್ನು ಒಯ್ದು ಅಲ್ಲಿನ ಕೊಟ್ಟಿಗೆಯ ಒಳಗೆ ಎಸೆದುಬಿಡಿ ಎಂಬುದು ಅವರ ಹಟವಾಗಿತ್ತೆಂದು ತಂಡ ತನ್ನ ಪ್ರಕಟಣೆಯಲ್ಲಿ ತಿಳಿಸಿತು. ಬೊಂಬೆಯಾಟ ಮುಗಿದ ಮೇಲೆ ಬೊಂಬೆಯನ್ನು ಎಲ್ಲಿಡುತ್ತಾರೋ ಅಲ್ಲಿಗೇ ಹೋಗುವ ಹಂಬಲ ಅದು.

ಕಯಹೋಗ ನದಿ ಈಗ ಉರಿಯುವುದಿಲ್ಲ. ಅದಕ್ಕೆ ಕಾರಣ ಕಾನೂನು, ಹಣ ಮತ್ತು ಜನರ ಒತ್ತಡವೇ ಹೊರತು ಯಾವ ಹಾಡೂ ಅಲ್ಲ. ನಮ್ಮ ಕೆರೆಗಳಿಗೂ ಬೇಕಾದದ್ದು ಮೊದಲು ಅವೇ. ಆದರೆ ಉರಿದ ದಿನಗಳಲ್ಲಿ ಆ ಊರಿನಲ್ಲಿ ಬದುಕುವುದು ಹೇಗಿತ್ತು ಎಂದು ಯಾರಾದರೂ ಕೇಳಿದರೆ, ಕೇಳಿಸಲು ಕ್ಲೀವ್‌ಲ್ಯಾಂಡಿನ ಬಳಿ ಒಂದು ಆಲ್ಬಂ ಇದೆ. ಅರ್ಕಾವತಿಯ ಕಣಿವೆಯಲ್ಲಿ ಈ ದಶಕಗಳನ್ನು ಕಳೆದವರು ಹೇಗಿದ್ದರು ಎಂದು ಮುಂದೊಂದು ದಿನ ನಮ್ಮ ಮೊಮ್ಮಕ್ಕಳು ಕೇಳಿದರೆ, ಬಾಶೆಟ್ಟಿಹಳ್ಳಿ ಏನನ್ನು ಕೇಳಿಸೀತು? ಸದ್ಯಕ್ಕೆ ಅಲ್ಲಿ ಎರಡನೆಯ ಪಾಳಿಯ ಸೈರನ್ ಆಗಿದೆ. ಮಗ್ಗಗಳು ನಡೆಯುತ್ತಿವೆ.